ವೆನಿಸ್‌ನಲ್ಲಿ ಅತ್ತೆ ಹತ್ತಿದ ದೋಣಿ

ಹಗರಿಬೊಮ್ಮನಹಳ್ಳಿಯಿಂದ ನಾನೂ ಅತ್ತೆಯೂ ಹೊರಟಾಗ ನಮ್ಮಿಬ್ಬರ ನಡುವೆ ಮಾತು ಕಡಿಮೆ ಇತ್ತು. ಜಗಳವೇನಿರಲಿಲ್ಲ. ಮದುವೆಯಾಗಿ ಬಹಳ ವರ್ಷ ಕಳೆದರೂ ಅಡುಗೆಗೆ ಏನು, ಹಾಲಿನವನು ಬಂದನೇ, ಇಷ್ಟರಾಚೆ ನಮ್ಮ ಮಾತು ಹೋಗಿರಲಿಲ್ಲ. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಇಟಲಿ ಪ್ರವಾಸದ ತಂಡಕ್ಕೆ ಹೆಸರು ಕೊಟ್ಟಿದ್ದು ನಾನೊಬ್ಬಳೇ. ಮೊಬೈಲಿನಲ್ಲಿ ವೆನಿಸ್ ಚಿತ್ರ ನೋಡಿದ ಅತ್ತೆ ಗಂಗಮ್ಮ, "ನೀರಾಗ ಊರು ಐತಿ. ಜನ ಇನ್ನೂ ಅದಾರೇನು?" ಎಂದು ಕೇಳಿದರು.

"ಅದಾರ."

"ಹಂಗಾದ್ರ ನಾನೂ ಬರ್ತೀನಿ."

ಅವರ ತವರು ಹಂಪಸಾಗರದ ಕಡೆ. ಅವರ ತಾಯಿ ಬಾಳಿದ ಹಳೆಯ ಊರು ತುಂಗಭದ್ರಾ ಅಣೆಕಟ್ಟಿನ ನೀರಿನಡಿ ಹೋಗಿದೆ. ನನ್ನ ಗಂಡ ಮಂಜುನಾಥನಿಗೆ ಮನಸ್ಸಿರಲಿಲ್ಲ. "ಕನ್ನಡ ಬಿಟ್ರ ಆಕಿಗೆ ಒಂದಕ್ಷರ ಬರಂಗಿಲ್ಲ. ಎಲ್ಯಾರ ತಪ್ಪಿಸಿಕೊಂಡ್ರ?" ಎಂದ. ನಾನು ಅದೀನಲ್ಲ ಎಂದೆ.

ಈಗ ಹರಪನಹಳ್ಳಿಯ ಗೆಳತಿ ಶಾಹೀನ್ ವೆನಿಸ್‌ಗೆ ಹೊರಟಿದ್ದಾಳೆ. ಏನೇನು ನೋಡಬೇಕು ಹೇಳು ಎಂದು ಕೇಳಿದ್ದಾಳೆ. ಅವಳಿಗಾಗಿ ಇದನ್ನು ಬರೆಯುತ್ತಿದ್ದೇನೆ.

ವೆನಿಸ್ ಒಳಗೆ ಬಸ್ಸು, ಕಾರು, ಸೈಕಲ್ ಯಾವುದೂ ಇಲ್ಲ. ನಮ್ಮ ಬಸ್ಸು ಊರಾಚೆಯ ದಡದಲ್ಲಿ ನಿಂತಿತು. ಅಲ್ಲಿಂದ ದೋಣಿಯಲ್ಲಿ ಸ್ಯಾನ್ ಮಾರ್ಕೊ ಚೌಕಕ್ಕೆ ಹೋದೆವು. ಅಕ್ಟೋಬರಿನ ಬಿಸಿಲು ಹಿತವಾಗಿತ್ತು, ಗಾಳಿ ಮಾತ್ರ ತಣ್ಣಗೆ. ಶಾಹೀನ್, ಸ್ವೆಟರ್ ಕೈಯಲ್ಲೇ ಇರಲಿ. ಚೌಕದ ಹೋಟೆಲುಗಳಲ್ಲಿ ಕಾಫಿ ಕುಡಿಯಬೇಡ. ಅಲ್ಲಿ ನುಡಿಸುವ ಸಂಗೀತಕ್ಕೂ ಸೇರಿಸಿ ಬಿಲ್ ಕೊಡುತ್ತಾರೆ. ಎರಡು ಓಣಿ ಒಳಗೆ ನಡೆದರೆ ನಿಂತುಕೊಂಡು ಕುಡಿಯುವ ಅಂಗಡಿಗಳಿವೆ, ರುಚಿಯೂ ಹೆಚ್ಚು. ದೊಡ್ಡ ಚರ್ಚಿನ ಒಳಗೆ ಭುಜ ಮುಚ್ಚಿರಬೇಕು. ಸೆರಗು ಹೊದ್ದಿದ್ದ ಅತ್ತೆಯನ್ನು ಯಾರೂ ತಡೆಯಲಿಲ್ಲ.

ನಮ್ಮ ಗೈಡ್ ಮುಂಬೈಯವನು, ಹಿಂದಿ ಮಾತನಾಡುತ್ತಿದ್ದ. ಮಧ್ಯಾಹ್ನ ಸುತ್ತಾಡಿಕೊಂಡು ಬನ್ನಿ, ಆಮೇಲೆ ಎಲ್ಲರೂ ಇಲ್ಲೇ ಸೇರಿ ಚೌಕದ ಪಕ್ಕದ ಅರಮನೆ ನೋಡೋಣ ಎಂದು ಬಿಟ್ಟ. ನಾವಿಬ್ಬರೂ ಓಣಿಗಳಲ್ಲಿ ನಡೆದು ರಿಯಾಲ್ಟೊ ಸೇತುವೆಗೆ ಹೋದೆವು. ಅತ್ತೆ ಸೇತುವೆಗಿಂತ ಹೆಚ್ಚಾಗಿ ಮನೆಗಳ ಬುಡ ನೋಡುತ್ತಿದ್ದರು. ನೀರು ಮೆಟ್ಟಿಲನ್ನು ನೆಕ್ಕುತ್ತಿತ್ತು, ಗೋಡೆಗೆ ಪಾಚಿ ಹತ್ತಿತ್ತು. ಮೇಲೆ ಹಗ್ಗದ ತುಂಬ ಬಟ್ಟೆ ಒಣಹಾಕಿದ್ದರು.

"ಬಟ್ಟಿ ಒಗೀತಾರ ಅಂದ್ರ ಖರೇನ ಅದಾರ" ಎಂದರು.

ಹಿಂತಿರುಗಲು ದೋಣಿ ಹಿಡಿಯಬೇಕೆಂದುಕೊಂಡೆವು. ಇಲ್ಲಿ ದೋಣಿಯೇ ಸಿಟಿ ಬಸ್ಸು. ಟಿಕೆಟ್ ಒಂದಕ್ಕೆ ಒಂಬತ್ತೂವರೆ ಯೂರೋ. ಅದನ್ನು ಯಂತ್ರಕ್ಕೆ ಮುಟ್ಟಿಸಿದರೆ ಗೇಟು ತೆರೆಯುತ್ತದೆ. ಅತ್ತೆಯ ಟಿಕೆಟ್ ಮುಟ್ಟಿಸಿದೆ, ಅವರು ಒಳಗೆ ಹೋದರು. ನನ್ನದಕ್ಕೆ ಕೆಂಪು ದೀಪ ಬಂತು. ಮತ್ತೆ ಮುಟ್ಟಿಸಿದೆ, ಮತ್ತೆ ಕೆಂಪು. ಅಷ್ಟರಲ್ಲಿ ಹಿಂದಿನಿಂದ ನುಗ್ಗಿದ ಜನರ ಜೊತೆ ಅತ್ತೆ ದೋಣಿ ಹತ್ತಿಯಾಗಿತ್ತು. ದೋಣಿಯವನು ಅಡ್ಡಕಂಬಿ ಎಳೆದ. ನಾನು ಕೂಗಿದ್ದು ಇಂಜಿನ್ ಸದ್ದಿನಲ್ಲಿ ಮುಳುಗಿತು. ಅತ್ತೆಯ ಮುಖ ನನ್ನ ಕಡೆ ತಿರುಗಿದ್ದನ್ನು ಕಂಡೆ, ಆಮೇಲೆ ದೋಣಿಯ ಬೆನ್ನು ಮಾತ್ರ ಕಂಡಿತು.

ಅವರ ಬಳಿ ಫೋನ್ ಇರಲಿಲ್ಲ. ಕೊರಳಲ್ಲಿ ಹೋಟೆಲಿನ ಹೆಸರಿದ್ದ ಚೀಟಿ ಇತ್ತು, ಅಷ್ಟೇ. ಗೈಡ್‌ಗೆ ಫೋನ್ ಮಾಡಿದೆ. ಸ್ಯಾನ್ ಮಾರ್ಕೊ ದಡದಲ್ಲಿ ತಾನು ನಿಲ್ಲುತ್ತೇನೆ, ನೀವು ಮುಂದಿನ ದೋಣಿಯಲ್ಲಿ ಪ್ರತಿ ನಿಲ್ದಾಣವನ್ನೂ ನೋಡುತ್ತ ಬನ್ನಿ ಎಂದ. ಬೇರೆ ಟಿಕೆಟ್ ಕೊಂಡು ಮುಂದಿನ ದೋಣಿ ಹತ್ತಿದೆ. ಈ ದೋಣಿ ಕಾಲುವೆಯ ಎಡಕ್ಕೊಂದು ಬಲಕ್ಕೊಂದು ನಿಲ್ದಾಣ ಮುಟ್ಟುತ್ತ ಹೋಗುತ್ತದೆ. ಎರಡೂ ಕಡೆ ಅರಮನೆಗಳ ಸಾಲು. ಶಾಹೀನ್, ಅವುಗಳ ಬಗ್ಗೆ ಮಾತ್ರ ನನ್ನನ್ನು ಕೇಳಬೇಡ. ಒಂದನ್ನೂ ನಾನು ನೋಡಲಿಲ್ಲ.

ಅದೇ ಹೊತ್ತಿಗೆ ಮಂಜುನಾಥ ಫೋನ್ ಮಾಡಿದ.

"ಅವ್ವ ಎಲ್ಲಿ ಅದಾಳ?"

"ಮುಂದ ಕುಂತಾರ. ದೋಣ್ಯಾಗ ಅದೀವಿ" ಎಂದೆ.

"ಆಕಿಗೆ ಕೊಡು."

"ಸದ್ದು ಭಾಳ ಐತಿ. ಆಮ್ಯಾಲ ಮಾಡ್ತೀನಿ" ಎಂದು ಫೋನ್ ಇಟ್ಟೆ.

ಸ್ಯಾನ್ ಮಾರ್ಕೊಗಿಂತ ಒಂದು ನಿಲ್ದಾಣ ಹಿಂದೆ ಸಲೂತೆ ಎಂಬ ದೊಡ್ಡ ಗುಮ್ಮಟದ ಚರ್ಚಿದೆ. ಪ್ಲೇಗ್ ತೊಲಗಲೆಂದು ಹರಕೆ ಹೊತ್ತು ಊರಿನವರು ಕಟ್ಟಿಸಿದ್ದಂತೆ. ಅದರ ಬಿಳಿ ಮೆಟ್ಟಿಲ ಮೇಲೆ ಕಡುಗೆಂಪು ಇಳಕಲ್ ಸೀರೆ ಕಂಡಿತು. ಪಕ್ಕದಲ್ಲಿ ಬೆಳ್ಳಿಕೂದಲಿನ ಸ್ಥಳೀಯ ಹೆಂಗಸೊಬ್ಬಳು, ಅವಳ ಕಾಲ ಬಳಿ ಒಂದು ನಾಯಿ. ಅವಳು ಇಟಲಿಯ ಭಾಷೆಯಲ್ಲಿ, ಅತ್ತೆ ಕನ್ನಡದಲ್ಲಿ ಮಾತನಾಡುತ್ತಿದ್ದರು. ನಾನು ಓಡಿ ಬಂದದ್ದನ್ನು ಕಂಡು ಆ ಹೆಂಗಸು ಎದ್ದು, ಬೆರಳಾಡಿಸುತ್ತ ಏನೇನೋ ಹೇಳಿ, ಅತ್ತೆಯ ಭುಜ ತಟ್ಟಿ ಹೊರಟುಹೋದಳು.

"ಏನಂದ್ರು ಅವರು?" ಎಂದೆ.

"ಯಾರಿಗೆ ಗೊತ್ತು. ನಿನ್ನ ಬೈದ್ಲು ಅನಸ್ತೈತಿ."

ನಾನು ಮೆಟ್ಟಿಲ ಮೇಲೆ ಕುಳಿತೆ. ಅಳು ಬಂತು. ಅತ್ತೆ ತಮ್ಮ ಸೆರಗಿನಿಂದಲೇ ನನ್ನ ಮುಖ ಒರೆಸಿದರು.

"ಯಾಕ ಇಲ್ಲಿ ಇಳಿದ್ರಿ?"

"ಮೈಲಾರದ ಜಾತ್ರಿಗೆ ಹೋದಾಗ ತಪ್ಪಿಸಿಕೊಂಡ್ರ ಎಲ್ಲಿ ಕುಂದರಬೇಕು? ಗುಡಿ ಮುಂದ. ಇದು ಗುಡಿ ಹೌದಲ್ಲ? ನೀ ಬರ್ತಿ ಅಂತ ಗೊತ್ತಿತ್ತು."

ಮಂಜುನಾಥನಿಗೆ ಸುಳ್ಳು ಹೇಳಿದ್ದನ್ನು ತಿಳಿಸಿದೆ. "ಚಲೋ ಮಾಡಿದಿ. ಅಂವ ಅಲ್ಲಿ ಕುಂತು ಏನ್ ಮಾಡ್ತಾನ" ಎಂದರು. ಅತ್ತೆ ಸಿಕ್ಕರು ಎಂದು ಗೈಡ್‌ಗೆ ಫೋನಿನಲ್ಲಿ ಹೇಳಿ, ಅರಮನೆಗೆ ನಾವಿಬ್ಬರೂ ಬರುವುದಿಲ್ಲ ಎಂದೆ. ಹೊತ್ತು ಇಳಿಯುವವರೆಗೂ ಅಲ್ಲೇ ಕುಳಿತೆವು. ನೀರಿನ ಬಣ್ಣ ಹಸಿರಿನಿಂದ ಬೂದಿಗೆ ತಿರುಗಿತು. ಅತ್ತೆ ತಮ್ಮ ತಾಯಿಯ ಮನೆಯ ಬಗ್ಗೆ ಹೇಳಿದರು: ಪಡಸಾಲೆ ಎಲ್ಲಿತ್ತು, ಬೀಸುವ ಕಲ್ಲು ಎಲ್ಲಿತ್ತು, ಬಾಗಿಲಿನಿಂದ ಹೊಳೆ ಎಷ್ಟು ದೂರವಿತ್ತು. ತಾಯಿಯಿಂದ ಕೇಳಿದ್ದಷ್ಟೇ, ತಾವು ಕಣ್ಣಾರೆ ಕಾಣದ ಮನೆ ಅದು. ನಾನು ಇದನ್ನೆಲ್ಲ ಮೊದಲ ಸಲ ಕೇಳುತ್ತಿದ್ದೆ. ಶಾಹೀನ್, ಬೇರೇನು ಬಿಟ್ಟರೂ ಪರವಾಗಿಲ್ಲ, ಆ ಮೆಟ್ಟಿಲ ಮೇಲೆ ಒಂದು ಸಂಜೆ ಕೂರು.

ಬೆಂಗಳೂರಿನಿಂದ ಬಸ್ಸಿನಲ್ಲಿ ಬಂದು ನಮ್ಮೂರಲ್ಲಿ ಇಳಿದಾಗ ಬೆಳಿಗ್ಗೆ. ಮಂಜುನಾಥ ಬಸ್ ಸ್ಟ್ಯಾಂಡಿಗೆ ಬಂದಿದ್ದ. ಚೀಲ ಎತ್ತಿಕೊಳ್ಳುತ್ತ ತಾಯಿಯನ್ನು ಕೇಳಿದ, "ಎಲ್ಲ ಆರಾಮ ಆತಿಲ್ಲೋ?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದರು: "ನಿನ್ನ ಹೇಣ್ತಿ ಒಂದಿನ ತಪ್ಪಿಸಿಕೊಂಡಿದ್ಲು. ಒಂದ ಕಡಿ ಕುಂತು ಕಾದೆ, ಸಿಕ್ಕಳು. ಕರಕೊಂಡು ಬಂದೀನಿ."