ಮೇಷ್ಟ್ರ ಕೈಬರಹದ ಡಿಸ್ಕು

ಮೊನ್ನೆ ಅಂಗಡಿಯಲ್ಲಿ ಹಳೇ ಕಂಪ್ಯೂಟರೊಂದರ ಮುಚ್ಚಳ ಬಿಚ್ಚಿದೆ. ಕಾದ ಧೂಳಿನ ಕಮಟು ವಾಸನೆ ರಪ್ಪನೆ ಮೂಗಿಗೆ ಬಡಿಯಿತು. ಹಾಳಾದ್ದು, ಮೇಷ್ಟ್ರು ಜ್ಞಾಪಕಕ್ಕೆ ಬಂದರು...

ಕೊರಟಗೆರೆ ಕಡೆಯ ಒಂದು ಸ್ಕೂಲಿನಲ್ಲಿ ಅವರು ಕಂಪ್ಯೂಟರ್ ಮೇಷ್ಟ್ರು, ನಾನು ಲ್ಯಾಬ್ ಸಹಾಯಕಿ. ಅಲ್ಲಿದ್ದ ಹತ್ತೂ ಮಷೀನು ಮುದಿ, ಮೂವತ್ತೆರಡು ಬಿಟ್ ಪ್ರೊಸೆಸರಿನವು. ಕಂಪ್ಯೂಟರ್ ನಡೆಸುವ ತಂತ್ರಾಂಶ ಲಿನಕ್ಸ್, ಅದರ ಹೊಸದನ್ನು ಹಾಕಲು ಅವರು ಮಧುಗಿರಿಯಿಂದ ಡಿಸ್ಕ್ ಮಾಡಿಕೊಂಡು ತಂದರು, ಮೇಲೆ ಹೆಸರು ತಮ್ಮ ಕೈಯಲ್ಲೇ ಬರೆದಿದ್ದರು. ನೋಡಿದರೆ ಹೊಸ ಮಷೀನುಗಳ ಅರವತ್ತನಾಲ್ಕು ಬಿಟ್ಟಿನದು! ಲಿನಕ್ಸ್ ಒಂದೇ ಆದರೂ ಒಂದೊಂದು ಬಗೆಯ ಪ್ರೊಸೆಸರಿಗೆ ಒಂದೊಂದು ಡಿಸ್ಕ್. ಇದು ನಮ್ಮ ಮಷೀನಿಗೆ ಆಗದು ಅಂತ ಹೇಳಿದೆ. "ನನಗೇ ಪಾಠ ಹೇಳ್ತೀಯೇನಮ್ಮಾ? ಮೊದ್ಲು ಎಲ್ಲಾ ಅಳಿಸಾಕು" ಅಂದರು. ಅವರ ಪದ್ಧತಿಯೇ ಅದು, ಹಳೇದನ್ನು ಪೂರ್ತಿ ಗುಡಿಸಿ ಆಮೇಲೆ ಹೊಸದು. ಹತ್ತನ್ನೂ ಅಳಿಸಿದೆ. ಡಿಸ್ಕ್ ಹಾಕಿದರೆ, ಈ ಪ್ರೊಸೆಸರಿಗೆ ಇದು ನಡೆಯಲ್ಲ ಅಂತ ಹತ್ತರ ಪರದೆಯಲ್ಲೂ ಒಂದೇ ಸಾಲು. ಮಕ್ಕಳು ವರ್ಷವಿಡೀ ಮಾಡಿದ್ದ ಕೆಲಸ ಮಣ್ಣುಪಾಲಾಯಿತು.

ಹೆಡ್‌ಮಾಸ್ಟರರ ಮುಂದೆ ಮೇಷ್ಟ್ರು ನಾಚಿಕೆಯಿಲ್ಲದೆ ಅಂದರು: "ಇವ್ಳು ಯಾವ್ದೋ ಡಿಸ್ಕ್ ಹಾಕ್ಬುಟ್ಳು ಸಾರ್." ಡಿಸ್ಕಿನ ಮೇಲಿನ ಬರಹ ಯಾರದು ನೋಡಿ ಅಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸಂಜೆಗೆ ಕೆಲಸ ಹೋಯಿತು. ಮೈಯೆಲ್ಲ ಉರಿದುಹೋಯಿತು... ಆ ಡಿಸ್ಕನ್ನು ಬ್ಯಾಗಿಗೆ ಹಾಕಿಕೊಂಡು ಬಂದೆ. ಒಂದಲ್ಲ ಒಂದು ದಿನ ನಾಲ್ಕು ಜನರ ಮುಂದೆ ಈ ಮನುಷ್ಯನ ಬಾಯಿಂದಲೇ ನಿಜ ಹೊರಡಿಸುತ್ತೇನೆ ಅಂತ ಹಲ್ಲು ಕಚ್ಚಿದೆ.

ಪಾವಗಡದಲ್ಲಿ ರಿಪೇರಿ ಅಂಗಡಿ ಇಟ್ಟೆ. ಯಾವ ಲಿನಕ್ಸ್ ಯಾವ ಪ್ರೊಸೆಸರಿಗೆ ಇನ್ನೂ ಸಿಗುತ್ತದೆ, ಯಾವುದು ಯಾವ ಪ್ರೊಸೆಸರನ್ನು ಕೈಬಿಟ್ಟಿದೆ, ಎಲ್ಲಾ ಬಾಯಿಪಾಠ. ಹಟಕ್ಕೇ ಕಲಿತೆ. ಹೋದ ವರ್ಷ ಮೇಷ್ಟ್ರೇ ಬಂದರು, ತಮ್ಮ ಹಳೇ ಮಷೀನನ್ನು ಚೀಲದಲ್ಲಿ ಹೊತ್ತುಕೊಂಡು. ನನ್ನ ಗುರುತು ಹತ್ತಲಿಲ್ಲ. "ಮೂವತ್ತೆರಡು ಬಿಟ್ಟಿಗೆ ಹೊಸಾ ಲಿನಕ್ಸ್ ಕೊಡೋದೇ ನಿಲ್ಸ್ಬುಟ್ಟವ್ರೆ ಕಣಮ್ಮ. ನಿನ್ ಹತ್ರ ಏನೋ ಐತಂತೆ?" ಇತ್ತು. ಇನ್ನೂ ನಡೆಯುವ ಒಂದು ಲಿನಕ್ಸ್, ಅರ್ಧ ಗಂಟೆ ಕೆಲಸ.

ಆ ಡಿಸ್ಕನ್ನು ತಂದು ಮೇಜಿನ ಮೇಲಿಟ್ಟೆ. "ಇದ್ಯಾರ ಬರಹ ಅಂತ ಇವರೆಲ್ಲರ ಮುಂದೆ ಹೇಳಿ ಮೇಷ್ಟ್ರೇ. ಆಮೇಲೆ ಹಾಕ್ಕೊಡ್ತೀನಿ."

ಗಿರಾಕಿಗಳು ನೋಡುತ್ತಿದ್ದರು. ಮೇಷ್ಟ್ರು ಡಿಸ್ಕ್ ನೋಡಿದರು, ನನ್ನ ಮುಖ ನೋಡಿದರು. ಚೀಲ ಎತ್ತಿಕೊಂಡು ಹೋಗೇಬಿಟ್ಟರು. ಅವತ್ತು ನನಗೆ ಹಾಲು ಕುಡಿದಷ್ಟು ಸಂತೋಷ.

ಎರಡು ತಿಂಗಳಿಗೆ ತೀರಿಕೊಂಡರು. ಸುದ್ದಿ ಕೇಳಿ ಅಳು ಬಂತು, ಬಂದಿದ್ದಕ್ಕೇ ಸಿಟ್ಟು ಬಂತು. ಕ್ಷಮಿಸಿದೆ ಅಂತ ಸುಳ್ಳು ಹೇಳಲಾರೆ. ಈಗಲೂ ಕೆಲಸ ಮಾಡುತ್ತಾ ಒಳಗೊಳಗೇ ಬೈಯುತ್ತೇನೆ: ಒಂದು ಮಾತು ಆಡಿದ್ದರೆ ನಿಮ್ಮ ಗಂಟೇನು ಹೋಗ್ತಿತ್ತು? ತಪ್ಪು ನನ್ನದಲ್ಲ ಅಂತ ಗೊತ್ತಿದ್ದವರು ನೀವೊಬ್ಬರೇ ಅಲ್ವಾ ಮೇಷ್ಟ್ರೇ...