ಎಚ್ಚರವಾದವರನ್ನು ಮತ್ತೆ ಕೇಳಿದ ವೈದ್ಯೆ

ತೀವ್ರ ನಿಗಾ ಘಟಕದ ಔಷಧ ಸಂಶೋಧನೆಗೆ ನೀತಿಯ ಕಾವಲು ಇರಲೇಬೇಕೆಂದು ಹಟ ಹಿಡಿದವರಲ್ಲಿ, ಈಗ ನಿವೃತ್ತರಾಗುತ್ತಿರುವ ಹಿರಿಯ ವೈದ್ಯೆಯವರದು ಮೊದಲ ಸಾಲಿನ ಸ್ಥಾನ. ದಾದಿಯರು ಅವರಿಗೆ ಇಟ್ಟ ಅಡ್ಡಹೆಸರು ‘ಕೇಳೋ ಡಾಕ್ಟರಮ್ಮ’.

ಪ್ರಜ್ಞೆಯಿಲ್ಲದ ರೋಗಿಯನ್ನು ಪ್ರಯೋಗಕ್ಕೆ ಸೇರಿಸಲು ಮನೆಯವರ ಒಪ್ಪಿಗೆ ಬೇಕು. ಪ್ರಜ್ಞೆ ಮರಳಿದ ಮೇಲೆ ರೋಗಿಯನ್ನೇ ಕೇಳಬೇಕು. ಉಳಿದವರು ಆ ಎರಡನೆಯ ಕೆಲಸವನ್ನು ಮನೆಗೆ ಕಳುಹಿಸುವ ದಿನದವರೆಗೆ ತಳ್ಳುತ್ತಿದ್ದರು. ಇವರು, ರೋಗಿಗೆ ಮಾತು ಅರ್ಥವಾಗತೊಡಗಿದ ಕೂಡಲೇ ಮಂಚದ ಪಕ್ಕಕ್ಕೆ ಸ್ಟೂಲು ಎಳೆದುಕೊಂಡು ಕೂರುತ್ತಿದ್ದರು. ಸಹಿಗೆ ಬಂದ ಬಂಧುಗಳಿಗೆ ಮೊದಲು ನೀರು ಕೊಟ್ಟು, ತಿಳಿದದ್ದನ್ನು ಅವರ ಬಾಯಿಂದಲೇ ಹೇಳಿಸುತ್ತಿದ್ದರು.

ಅವರ ಸೇವೆಯ ನಡುಗಾಲದಲ್ಲಿ ಒಬ್ಬ ಬಸ್ ಚಾಲಕ ಬಂದ. ಸೋಂಕು ರಕ್ತಕ್ಕೇರಿತ್ತು. ಹೆಂಡತಿಯ ಒಪ್ಪಿಗೆಯ ಮೇಲೆ ಹೊಸ ಔಷಧ ಶುರುವಾಗಿ, ಚೇತರಿಸಿಕೊಳ್ಳುತ್ತಿದ್ದ. ಉಸಿರಿನ ನಳಿಕೆ ತೆಗೆದ ಮೇಲೆ ಡಾಕ್ಟರಮ್ಮ ಎಲ್ಲವನ್ನೂ ವಿವರಿಸಿ ಕೇಳಿದರು.

“ಪ್ರಯೋಗ ಗಿಯೋಗ ಬೇಡ ಡಾಕ್ಟ್ರೇ. ಮಾಮೂಲಿ ಔಷಧಿ ಕೊಡಿ, ಸಾಕು,” ಎಂದ.

“ಅವ್ರಿಗಿನ್ನೂ ಮಂಪರು ಡಾಕ್ಟ್ರಮ್ಮ. ನಾನು ಹೇಳ್ತಿದೀನಲ್ಲ, ನಿಲ್ಲಿಸ್ಬೇಡಿ,” ಎಂದು ಹೆಂಡತಿ ಗೋಗರೆದಳು.

ಮಂಪರಿರಲಿಲ್ಲ. ಮತ್ತೆ ಕೇಳಿದಾಗಲೂ ಅವನ ಮಾತು ಬದಲಾಗಲಿಲ್ಲ. ಹೊಸ ಔಷಧ ನಿಂತಿತು, ಸೋಂಕು ಮರುಕಳಿಸಿತು, ಚಾಲಕ ಉಳಿಯಲಿಲ್ಲ. ಆ ಔಷಧ ಜೀವ ಉಳಿಸುತ್ತದೆಂದು ಮರುವರ್ಷ ಸಾಬೀತಾಯಿತು. ಸುದ್ದಿ ಹೇಗೋ ತಿಳಿದು ಬಂದ ಹೆಂಡತಿ ಮೊಗಸಾಲೆಯಲ್ಲಿ ಅವರನ್ನು ತಡೆದು ನಿಲ್ಲಿಸಿದಳು.

“ಅವ್ರನ್ನ ಯಾಕೆ ಕೇಳಿದ್ರಿ?”

ಕಾನೂನು ಡಾಕ್ಟರಮ್ಮನ ಪರವಾಗಿತ್ತು. ಆದರೆ ಆ ಹೆಂಗಸಿನ ಮುಂದೆ ಅವರು ಕಾನೂನಿನ ಮಾತೆತ್ತಲಿಲ್ಲ. ಆಮೇಲೂ ಕೇಳುವುದನ್ನು ಬಿಡಲಿಲ್ಲ. ಆದರೆ ಸ್ಟೂಲು ಎಳೆದುಕೊಳ್ಳುವಾಗಲೆಲ್ಲ, ಈ ರೋಗಿ ಒಪ್ಪಿಬಿಡಲಿ ಎಂದು ಒಳಗೊಳಗೇ ಹಂಬಲಿಸುತ್ತಿದ್ದರು. ಹಾಗೆ ಹಂಬಲಿಸಿದ್ದಕ್ಕೆ ನಾಚುತ್ತಿದ್ದರು. ಕಿರಿಯ ವೈದ್ಯರಿಗೋ, ರೋಗಿಯನ್ನು ಕೇಳದಿರಲು ಚಾಲಕನ ಸಾವು ಒಳ್ಳೆಯ ನೆಪವಾಯಿತು. ಇಂದು ಆ ಘಟಕದಲ್ಲಿ ಮಂಚದ ಬಳಿ ಕೂತು ಕೇಳುವವರು ಇನ್ನೊಬ್ಬರಿಲ್ಲ.

ಅವರ ನಿವೃತ್ತಿಗೆಂದು ತರುತ್ತಿರುವ ಈ ಅಭಿನಂದನಾ ಸಂಪುಟಕ್ಕೆ ಒಪ್ಪಿಗೆ ಬೇಡಿದಾಗ ಡಾಕ್ಟರಮ್ಮ, “ಚಾಲಕನ ವಿಷಯ ಬಿಟ್ಟು ಬರೆಯೋದಾದ್ರೆ ಬೇಡ. ಅದನ್ನ ಬರೆಯೋದಾದ್ರೆ ಮೊದ್ಲು ಅವನ ಹೆಂಡ್ತೀನ ಕೇಳ್ಕೊಂಡು ಬನ್ನಿ,” ಎಂದರು.

ಸಂಪಾದಕರು ಹೋಗಿ ಕೇಳಿದರು. ಆಕೆ ಹೇಳಿದಳು: “ಬರೀರಿ. ನಾನಿನ್ನೂ ಅವರನ್ನ ಕ್ಷಮಿಸಿಲ್ಲ ಅಂತಾನೂ ಬರೀರಿ.”

ಕರಡು ಓದಿದ ಡಾಕ್ಟರಮ್ಮ ಆ ಮಾತನ್ನು ಹೊಡೆದುಹಾಕಲಿಲ್ಲ. ಅವರಿಗೆ ದೀರ್ಘಾಯುಷ್ಯವಿರಲಿ. ಅವರಂತೆ ಕೇಳುವವರು ಇನ್ನೊಬ್ಬರು ಬರುವ ತನಕವಾದರೂ ಅವರು ಬದುಕಿರಲಿ. ಅಂಥವರು ಬರುವ ಸೂಚನೆಯಂತೂ ಸದ್ಯಕ್ಕೆ ಕಾಣುತ್ತಿಲ್ಲ.