ಕುಲಶೇಖರದ ದ್ರಾಕ್ಷಾರಸದ ಬಾಯಿ

ಕುಲಶೇಖರದಲ್ಲಿ ದ್ರಾಕ್ಷಾರಸ ಮಾಡುತ್ತಿದ್ದ ಆ ಕ್ರಿಶ್ಚಿಯನ್ ವಿಧವೆಯನ್ನು ಊರೆಲ್ಲ 'ಬಾಯಿ' ಎಂದೇ ಕರೆಯುತ್ತಿತ್ತು. ಸುತ್ತಲಿನ ಮದುವೆಗಳಿಗೆಲ್ಲ ಅವರ ಮನೆಯದೇ ರಸ. ಭರಣಿಗೆ ಕಟ್ಟಿದ ಬಟ್ಟೆ ಬಿಚ್ಚುವ ಮೊದಲು ಸೆರಗಿಗೆ ಎರಡೆರಡು ಸಲ ಕೈ ಒರೆಸಿಕೊಳ್ಳುವರು. ಯಾರಾದರೂ ಅವಸರದಲ್ಲಿ ಲೋಟ ಎತ್ತಿದರೆ, "ಮೊದಲು ಮೂಗು, ಮತ್ತೆ ನಾಲಗೆ" ಎನ್ನುವರು.

ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದ ನಾವು ಮೂವರು ಗೆಳೆಯರು ಒಂದು ಆದಿತ್ಯವಾರ ನಡೆದೇ ಅಲ್ಲಿಗೆ ಹೋದೆವು. ನಾವಿಬ್ಬರು ಜಗಲಿಯ ಬೆಂಚಿನಲ್ಲಿ ಕುಳಿತೆವು. ಮೂರನೆಯವನು ಮೀನುಗಾರರ ಮನೆಯವನು. ಪರರ ಜಗಲಿ ಹತ್ತುವ ರೂಢಿ ಆಗ ಅವನ ಜಾತಿಯವರಿಗಿರಲಿಲ್ಲ, ಅವನು ಅಂಗಳದಲ್ಲೇ ನಿಂತ. ಬಾಯಿ ಮೂವರಿಗೂ ಒಂದೇ ತರದ ಗಾಜಿನ ಲೋಟ ಕೊಟ್ಟರು.

"ಭಾರೀ ಲಾಯ್ಕುಂಟು ಬಾಯಿ," ಎಂದೆವು ನಾವಿಬ್ಬರು.

ಅವನು ಮೂಸಿ ನೋಡಿ, ಒಂದು ಗುಟುಕು ಕುಡಿದು, ಲೋಟ ಕೆಳಗಿಟ್ಟ. "ಇದು ಹುಳಿಗೆ ತಿರುಗಿದೆ ಬಾಯಿ. ಮದುವೆಗೆ ಕೊಡಬೇಡಿ."

"ಸುಮ್ಮನಿರು ಮಾರಾಯ," ಎಂದು ನಾನು ಪಿಸುಗುಟ್ಟಿದೆ.

ಬಾಯಿ ತಾವೇ ಕುಡಿದು ನೋಡಿದರು. ಮುಖ ಬಾಡಿತು. ಆ ವಾರವೇ ಒಂದು ಮದುವೆಗೆ ಮಾತು ಕೊಟ್ಟಿದ್ದರು. ಆಮೇಲೆ ಅಂಗಳಕ್ಕಿಳಿದು ಅವನ ಕೈ ಹಿಡಿದರು. "ಒಳಗೆ ಬಾ ಮಗ. ಇನ್ನೂ ನಾಲ್ಕು ಭರಣಿ ಉಂಟು. ಯಾವುದು ಒಳ್ಳೆಯದು, ನೀನೇ ಹೇಳು."

ಮೂರನೆಯ ಭರಣಿ ಚೆನ್ನಾಗಿತ್ತು. ಒಳಗಿನಿಂದ ಅವರಿಬ್ಬರ ನಗು ಕೇಳಿಸಿತು.

ಮರುವರ್ಷ ಬಾಯಿಯಿಂದ ಹೇಳಿಕೆ ಬಂತು: "ನಿಜ ಹೇಳುವವ ಬರಲೇಬೇಕು. ಹೊಗಳುವ ಇಬ್ಬರೂ ಬರಲಿ, ಅವರಿಗೆ ಊಟ ಉಂಟು."